ಪಂಚಾಯ್ತಿ ಎಲೆಕ್ಷನ್‌ಗೆ ನಿಂತಿದ್ದೆ, 11 ಓಟಿನಲ್ಲಿ ಸೋತೆ. ಬರೆಯುವವಳಿಗೆ ಆ ದಿನಗಳಲ್ಲಿ ಕಂಡಿದ್ದು

ತೆಂಗಿನತೋಟ:

ನನ್ನ ಕಥೆಗಳನ್ನು ಓದಿದವರು ಇಲ್ಲಿ ಕೆಲವರಿದ್ದೀರಿ. 2020ರ ಡಿಸೆಂಬರ್‌ನಲ್ಲಿ ನಮ್ಮೂರ ಗ್ರಾಮ ಪಂಚಾಯ್ತಿ ಚುನಾವಣೆಗೆ ನಾನು ನಿಂತಿದ್ದೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ತಿಪಟೂರು ಸೀಮೆಯ ಒಂದು ಊರು, ಹೆಸರು ಬೇಡ. ಅದರ ಬಗ್ಗೆ ಇಷ್ಟು ದಿನ ಒಂದು ಸಾಲೂ ಬರೆದಿರಲಿಲ್ಲ. ಬರೆಯೋಕೆ ಕೂತಾಗಲೆಲ್ಲ ಅದು ಕಥೆ ಆಗಿಬಿಡುತ್ತಿತ್ತು. ನನಗೆ ನಡೆದದ್ದು ನಡೆದ ಹಾಗೇ ಬೇಕಿತ್ತು. ಈಗ ಪಕ್ಕದೂರಿನ ಇಬ್ಬರು ಹೆಣ್ಣುಮಕ್ಕಳು "ಅಕ್ಕಾ, ನಾವೂ ನಿಲ್ಲೋಣವಾ?" ಅಂತ ಕೇಳಿಕೊಂಡು ಬಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನಮ್ಮದು ಮೂರು ಸೀಟಿನ ವಾರ್ಡು. 400 ಜನಕ್ಕೆ ಒಬ್ಬ ಸದಸ್ಯ ಅನ್ನೋ ಲೆಕ್ಕ. ಮೂರರಲ್ಲಿ ಒಂದು ಸಾಮಾನ್ಯ ಮಹಿಳೆಗೆ ಬಂತು. ನಾನು ನಿಲ್ಲುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಊರಿನವರು ಮಾತ್ರ ನಮ್ಮ ಯಜಮಾನರನ್ನು ಕೇಳುತ್ತಿದ್ದರು, "ಏನಪ್ಪಾ, ಮನೆಯೋರನ್ನ ನಿಲ್ಲಿಸ್ತಿದೀಯಂತೆ?" ಅಂತ. ನಾನು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದೆ.

ನಾಮಪತ್ರದ ಠೇವಣಿ ಸಾಮಾನ್ಯದವರಿಗೆ 200 ರೂಪಾಯಿ, ನನಗೆ 100. ಮನೆ ಕಂದಾಯ ಬಾಕಿ ಇಲ್ಲ ಅನ್ನೋ ರಸೀದಿ, ಸೂಚಕರ ಸಹಿ, ಪಟ್ಟಿಯಲ್ಲಿ ನನ್ನ ಕ್ರಮಸಂಖ್ಯೆ, ಎಲ್ಲಾ ಹೊಂದಿಸಿಕೊಂಡು ಹೋದೆ. ಫಾರಂ ತುಂಬುವಾಗ ಅಲ್ಲಿದ್ದವರು ನನ್ನ ಹೆಸರಿನ ಮುಂದೆ 'ಕೋಂ' ಅಂತ ಬರೆದು, ಗಂಡನ ಹೆಸರು ಸೇರಿಸಿದರು. ಆಸ್ತಿ ಪತ್ರದಲ್ಲಿ, ಪಡಿತರ ಅರ್ಜಿಯಲ್ಲಿ ಈ 'ಕೋಂ' ನೋಡಿಕೊಂಡೇ ಬೆಳೆದವಳು ನಾನು. ಆದರೆ ಇಪ್ಪತ್ತು ವರ್ಷದಿಂದ ಪತ್ರಿಕೆಗಳಲ್ಲಿ ಬರೀ ನನ್ನ ಹೆಸರಲ್ಲಿ ಬರೆದಿದ್ದೇನೆ. ಆ ಹೆಸರು ನಮ್ಮ ವಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ನಾನು ಇಂಥವರ ಸೊಸೆ, ಇಂಥವರ ಹೆಂಡತಿ. ಬೇಜಾರಾಯಿತು, ಸುಳ್ಳು ಹೇಳಲ್ಲ.

ಗುರುತು ಸಿಕ್ಕಿದ್ದು ಹೊಲಿಗೆ ಯಂತ್ರ. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ ಅಲ್ವಾ, ಆಯೋಗದವರು ಕೊಟ್ಟಿದ್ದೇ ಗುರುತು. ಎರಡು ದಿನದಲ್ಲಿ ನಾನು 'ಮಿಷನ್ ಅಕ್ಕ' ಆದೆ.

ಪ್ರಚಾರದ ಮೊದಲ ದಿನ ನನ್ನ ಬಾಯಿಂದ ಮಾತೇ ಬರಲಿಲ್ಲ. ಮನೆ ಮುಂದೆ ನಿಂತು "ನಮಸ್ಕಾರ, ನಾನು ಈ ಸಲ ಚುನಾವಣೆಗೆ ಸ್ಪರ್ಧಿಸುತ್ತಿದ್ದೇನೆ" ಅಂದರೆ ಎದುರಿಗಿದ್ದವರು ಪೇಪರ್ ಓದುವುದನ್ನು ಕೇಳಿಸಿಕೊಂಡ ಹಾಗೆ ಸುಮ್ಮನೆ ನೋಡುತ್ತಿದ್ದರು. "ನಂಗೊಂದು ಓಟು ಹಾಕಿ" ಅನ್ನೋದು ಮೂರೇ ಮಾತು. ಅದನ್ನು ಹೇಳೋಕೆ ನನಗೆ ನಾಲ್ಕು ದಿನ ಹಿಡಿಯಿತು. ಬರೆಯುವವರು ಯಾರ ಹತ್ತಿರವೂ ಏನೂ ಬೇಡುವುದಿಲ್ಲ. ಓದಿದರೆ ಓದಲಿ, ಬಿಟ್ಟರೆ ಬಿಡಲಿ. ಇಲ್ಲಿ ಹಾಗಲ್ಲ. ಬಾಗಿಲಲ್ಲಿ ನಿಂತು, ಮುಖ ನೋಡಿ, ಬಾಯಿಬಿಟ್ಟು ಕೇಳಬೇಕು.

ರಾಗಿ ಕುಯ್ಲಿನ ಕಾಲ. ಹಗಲು ಹೊತ್ತು ಮನೆಗಳಲ್ಲಿ ಯಾರೂ ಇರುತ್ತಿರಲಿಲ್ಲ. ಹೊಲಕ್ಕೇ ಹೋಗಿ ಮಾತಾಡಿಸುತ್ತಿದ್ದೆವು. ಮೆದೆ ಒಟ್ಟುವವರು ಕೈ ಬಿಡುವಂತಿಲ್ಲ, ಅದಕ್ಕೇ ಕೆಳಗೆ ನಿಂತು ಒಂದೊಂದೇ ಕಟ್ಟು ಎತ್ತಿ ಕೊಡುತ್ತಾ ಮಾತಾಡುತ್ತಿದ್ದೆ. ಸಂಜೆ ಕೇರಿ ಕೇರಿ ತಿರುಗುವುದು.

ಊರ ಕೊನೆಯ ಬೀದಿಯಲ್ಲಿ ಒಬ್ಬ ಅಜ್ಜಿ. ಜಗಲಿ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಕಾಳು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ತಲೆ ಎತ್ತದೇ ಕೇಳಿದರು, "ಏನ್ ಬಂದೆ?" ನಾನು "ಓಟು ಕೇಳೋಕೆ ಬಂದೆ ಕಣಜ್ಜಿ" ಅಂದೆ. "ಕೇಳಕ್ ಬಂದಿದೀಯ, ಕೂತ್ಕ. ಕೇಳಿಸ್ಕಂಡ್ ಹೋಗು" ಅಂದರು.

ಕೂತೆ. ಅವರ ಬೋಗುಣಿಯಿಂದ ಒಂದು ಹಿಡಿ ಕಾಳು ತಗೊಂಡು ನಾನೂ ಹಿಸುಕಿದೆ. ಅವರು ಹೇಳಿದ್ದು ನೀರಿನ ವಿಷಯ. ಸಿಸ್ಟನ್‌ನಿಂದ, ಅಂದರೆ ಊರಿನ ನೀರಿನ ಟ್ಯಾಂಕಿನಿಂದ, ನೀರು ಬಿಡೋದು ದಿನ ಬಿಟ್ಟು ದಿನ. ವಾಲ್ವ್ ತಿರುಗಿಸಿದ ಮೇಲೆ ಮೊದಲು ಮೇಲಿನ ಬೀದಿ, ಆಮೇಲೆ ದೇವಸ್ಥಾನದ ಬೀದಿ, ಕಡೆಗೆ ಇವರ ಬೀದಿ. ಮೇಲಿನವರು ನಲ್ಲಿಗೆ ಮೋಟರ್ ಹಾಕಿ ಎಳೆದುಕೊಂಡರೆ ಇಲ್ಲಿಗೆ ಬರೋದು ನಾಲ್ಕು ಕೊಡ. ಆ ನಾಲ್ಕು ಕೊಡಕ್ಕೆ ಅಜ್ಜಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಲ್ಲಿ ಬುಡದಲ್ಲಿ ಕೂರುತ್ತಾರೆ. ಯಾವಾಗ ಬಂದು ಯಾವಾಗ ನಿಲ್ಲುತ್ತೋ ಗೊತ್ತಿಲ್ಲವಲ್ಲ.

ಇದು ನನ್ನನ್ನು ಯಾಕೆ ಅಷ್ಟು ತಟ್ಟಿತು ಅಂದರೆ, ನಮ್ಮೂರ ನೀರಿನ ಮೇಲೆ ನಾನು ಒಂದು ಕಥೆ ಬರೆದಿದ್ದೆ. ಅದರಲ್ಲಿ ಊರಿಗೆ ನೀರು ಬರುವುದು ಬೆಳಗ್ಗೆ ಆರಕ್ಕೆ. ಹೆಂಗಸರೆಲ್ಲ ಕೊಡ ಹಿಡಿದು ಮಾತಾಡುತ್ತಾ ನಿಲ್ಲುತ್ತಾರೆ. ಓದಿದವರು ಊರು ಕಣ್ಣಿಗೆ ಕಟ್ಟಿತು ಅಂದಿದ್ದರು. ಆರು ಗಂಟೆ ನಮ್ಮ ಬೀದಿಯ ಹೊತ್ತು. ನಾನು ನಮ್ಮ ಬೀದಿಯನ್ನು ಬರೆದು ಅದಕ್ಕೆ ಊರು ಅಂತ ಹೆಸರಿಟ್ಟಿದ್ದೆ. ಅಜ್ಜಿ ಮನೆಗೂ ನಮ್ಮ ಮನೆಗೂ ಐದು ನಿಮಿಷದ ದಾರಿ. ಹತ್ತೊಂಬತ್ತು ವರ್ಷ ಆ ಊರಲ್ಲಿದ್ದು ನಾನು ಆ ಜಗಲಿ ಮೇಲೆ ಒಂದು ದಿನ ಕೂತಿರಲಿಲ್ಲ.

ಆ ಸಂಜೆಯಿಂದ ಪಾಂಪ್ಲೆಟ್ ಚೀಲದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಯಾರ ಮನೆಗೆ ಇ-ಸ್ವತ್ತು (ಆಸ್ತಿಯ ಕಂಪ್ಯೂಟರ್ ದಾಖಲೆ) ಆಗಿಲ್ಲ, ಯಾರಿಗೆ ನರೇಗಾ ಕೂಲಿ ಬಾಕಿ, ಯಾವ ಕಂಬದ ಬಲ್ಬು ಹೋಗಿದೆ, ಎಲ್ಲಾ ಬರೆದುಕೊಂಡೆ. 'ಅಭಿವೃದ್ಧಿ' ಅನ್ನೋ ಪದ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಪಾಂಪ್ಲೆಟ್‌ನಲ್ಲಿ ಮಾತ್ರ ಅದು ನಾಲ್ಕು ಸಲ ಇತ್ತು.

ಮತದಾನದ ಹಿಂದಿನ ರಾತ್ರಿಯನ್ನು ನಮ್ಮ ಕಡೆ ಕತ್ತಲ ರಾತ್ರಿ ಅಂತಾರೆ. ಲೈಟ್ ಹಾಕದೆ ಬೈಕುಗಳು ಓಡಾಡುವುದು ಕೇಳುತ್ತಿತ್ತು. ನಾನು ದುಡ್ಡು ಹಂಚಲ್ಲ ಅಂತ ಮೊದಲೇ ಹೇಳಿದ್ದೆ. ನನ್ನ ಜೊತೆ ಓಡಾಡಿದ ಹುಡುಗರು ಒಂಬತ್ತು ಗಂಟೆಗೆ ಬಂದು, "ಅಕ್ಕ, ಈಗಲೂ ಟೈಮಿದೆ, ಮನೆಗೆ ಇನ್ನೂರು ಕೊಟ್ಟರೂ ಸಾಕು" ಅಂದರು. ಆಗಲ್ಲ ಅಂದೆ. ಅವರ ಮುಖ ಸಣ್ಣದಾಯಿತು. ಹದಿನೈದು ದಿನ ನನಗೋಸ್ಕರ ಅವರು ಹೊಲದ ಕೆಲಸ ಬಿಟ್ಟು ತಿರುಗಿದ್ದರು. ನನ್ನ ಹಟಕ್ಕೆ ಅವರೂ ಬೆಲೆ ಕೊಟ್ಟರು ಅನ್ನೋದು ಇವತ್ತಿಗೂ ಮನಸ್ಸಲ್ಲಿದೆ.

ಬೆಳಗ್ಗೆ ಹಾಲು ತರೋಕೆ ಹೋದಾಗ ಪಕ್ಕದ ಬೀದಿಯ ಒಬ್ಬಳು, ನನಗಿಂತ ಚಿಕ್ಕವಳು, ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಎಲೆ ಅಡಿಕೆ ಕೊಟ್ಟು ದೇವರ ಮೇಲೆ ಆಣೆ ಮಾಡಿಸ್ಕೊಂಡವ್ರೆ ಅಕ್ಕ. ಬೇಜಾರ್ ಮಾಡ್ಕೋಬೇಡಿ." ಅವಳಿಗೆ ಏನು ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಎಣಿಕೆ ದಿನದ್ದು ಆಮೇಲೆ ಬರೆಯುತ್ತೇನೆ.

ಹಡಗಲಿ ಮಲ್ಲಿಗೆ:

ಅಕ್ಕ, ಓದಿ ಸುಮ್ನೆ ಕೂತುಬಿಟ್ಟೆ. ನಮ್ಮ ಅತ್ತೆಯೂ ನೀರಿಗೆ ನಾಲ್ಕಕ್ಕೇ ಏಳೋದು. ಎಣಿಕೆ ದಿನದ್ದು ಬೇಗ ಬರೀರಿ.

ಊರ ಹಿರಿಯ:

ಬರಹ ಚೆನ್ನಾಗಿದೆ, ಆದರೆ ನನ್ನ ಅಭಿಪ್ರಾಯ ಬೇರೆ. ಹಳ್ಳಿಯಲ್ಲಿ ಚುನಾವಣೆ ಆದರೆ ಅಣ್ಣ ತಮ್ಮಂದಿರು ಮಾತು ಬಿಡುತ್ತಾರೆ. ಐದು ವರ್ಷ ಆ ಉರಿ ಆರಲ್ಲ. ನಮ್ಮೂರಲ್ಲಿ ಹಿರಿಯರು ಕೂತು ಮಾತಾಡಿ ಅವಿರೋಧ ಆಯ್ಕೆ ಮಾಡುತ್ತೇವೆ. ಖರ್ಚಿಲ್ಲ, ಜಗಳ ಇಲ್ಲ, ಆಣೆ ಪ್ರಮಾಣವೂ ಇಲ್ಲ. ದೇವಸ್ಥಾನದ ಕೆಲಸಕ್ಕೂ ನಾಲ್ಕು ಕಾಸು ಬರುತ್ತೆ. ಇದರಲ್ಲಿ ತಪ್ಪೇನು?

ಹಳೇ ಸದಸ್ಯೆ:

ಹಿರಿಯರೇ, ದೇವಸ್ಥಾನಕ್ಕೆ ಕಾಸು ಬರುತ್ತೆ ಅಂದಿರಲ್ಲ, ಅದೇ ತಪ್ಪು. 2020ರಲ್ಲಿ ಬಳ್ಳಾರಿ, ಕಲಬುರಗಿ ಕಡೆ ಕೆಲವು ಊರುಗಳಲ್ಲಿ ಸೀಟು ಹರಾಜು ಹಾಕಿದ ಸುದ್ದಿ ಪೇಪರ್‌ಗಳಲ್ಲಿ ಬಂದಾಗ ಅಲ್ಲಿಯವರೂ ಇದೇ ಮಾತು ಹೇಳಿದ್ದು, ಗುಡಿ ಕಟ್ಟೋಕೆ ಅಂತ. ರಾಜ್ಯ ಚುನಾವಣಾ ಆಯೋಗ ಕ್ರಮ ತಗೊಳ್ಳಿ ಅಂತ ಸೂಚನೆ ಕೊಡಬೇಕಾಯಿತು. ಹಿರಿಯರು ಕೂತು ಮಾತಾಡುವ ಆ ಕಟ್ಟೆ ಮೇಲೆ ಹೆಂಗಸರು ಎಷ್ಟು ಜನ ಇರುತ್ತಾರೆ? ಕೊನೇ ಬೀದಿಯವರು ಎಷ್ಟು ಜನ? ಅಜ್ಜಿಯ ಜಗಲಿಗೆ ಇವರು ಹೋಗಿದ್ದು ಓಟಿಗೋಸ್ಕರವೇ ಇರಬಹುದು. ಆದರೆ ಅವಿರೋಧ ಆಗಿದ್ದರೆ ಯಾರೂ ಹೋಗುತ್ತಲೇ ಇರಲಿಲ್ಲ.

ಆಣೆ ವಿಷಯ. ನಾನು ಒಂದು ಅವಧಿ ಸದಸ್ಯೆ ಆಗಿದ್ದೆ. ನನ್ನ ಹತ್ತಿರ ಇಂಥವರು ಬಂದರೆ ಒಂದೇ ಮಾತು ಹೇಳುತ್ತಿದ್ದೆ: "ದೇವರು ನಿನ್ನ ಕಷ್ಟ ನೋಡ್ತಾನೆ ಕಣವ್ವ, ಸೀಲು ಎಲ್ಲಿ ಒತ್ತಿದೆ ಅಂತ ನೋಡಲ್ಲ." ಕೆಲವರಿಗೆ ಧೈರ್ಯ ಬರುತ್ತಿತ್ತು, ಕೆಲವರಿಗೆ ಇಲ್ಲ. ಅವರನ್ನು ಬೈಯಬಾರದು. ಆಣೆ ಮಾಡಿಸಿಕೊಂಡವರನ್ನು ಕೇಳಬೇಕು.

ನಿವೃತ್ತ ಮೇಷ್ಟ್ರು:

ನಾನು ಶಾಲಾ ಮಾಸ್ತರನಾಗಿ ಎಷ್ಟೋ ಚುನಾವಣೆಗೆ ಡ್ಯೂಟಿ ಮಾಡಿದವನು. 1987ರ ಮಂಡಲ ಪಂಚಾಯ್ತಿ (ಈಗಿನ ಗ್ರಾಮ ಪಂಚಾಯ್ತಿಗೆ ಮೊದಲು ಇದ್ದದ್ದು) ಚುನಾವಣೆಯೂ ಅದರಲ್ಲಿ ಒಂದು. 1983ರ ಕಾಯ್ದೆ, ಹೆಗಡೆಯವರ ಸರ್ಕಾರ, ನಜೀರ್ ಸಾಬ್ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್ ಕೊರೆಸಿ 'ನೀರ್ ಸಾಬ್' ಅಂತ ಹೆಸರಾದವರು. ಅಧಿಕಾರ ಊರಿಗೆ ಬರಲಿ ಅಂತ ಅವರು ಪಟ್ಟ ಪಾಡು ನಾವು ಕಣ್ಣಾರೆ ಕಂಡಿದ್ದು. ಹೆಂಗಸರಿಗೆ ಆಗ ಕಾಲು ಭಾಗ ಸೀಟು. ಸಂವಿಧಾನದ 73ನೇ ತಿದ್ದುಪಡಿ ಬಂದು ದೇಶಕ್ಕೆಲ್ಲ ಮೂರನೇ ಒಂದು ಭಾಗ ಅಂತಾಗಿದ್ದು ಆಮೇಲೆ, 1993ರಲ್ಲಿ. ಈಗ ನಮ್ಮಲ್ಲಿ ಅರ್ಧ. ಆ ಮೊದಲ ಸಲ ಗೆದ್ದ ಒಬ್ಬ ಹೆಣ್ಣುಮಗಳು ಸಭೆಗೆ ಬಂದು ಕುರ್ಚಿ ಮೇಲೆ ಕೂರೋಕೆ ಹಿಂಜರಿದು ಬಾಗಿಲ ಹತ್ತಿರ ನಿಂತಿದ್ದರು. ಎರಡನೇ ವರ್ಷ ಅದೇ ಕುರ್ಚಿಯಲ್ಲಿ ಕೂತು ಬೋರ್ ರಿಪೇರಿಯ ಬಿಲ್ಲು ಎಲ್ಲಿ ಅಂತ ಕೇಳುತ್ತಿದ್ದರು.

ಈ ತಾಯಿ ಸೋತಿದ್ದು 11 ಓಟಿನಲ್ಲಿ ಅಂದರು. ಕುಲಗೆಟ್ಟ ಓಟು, ಅಂದರೆ ಲೆಕ್ಕಕ್ಕೆ ಬಾರದೆ ಹೋದವು, ಎಷ್ಟಿತ್ತು ಅಂತ ಕೇಳಬೇಕು ಅನಿಸಿತು.

ತೆಂಗಿನತೋಟ:

ಮೇಷ್ಟ್ರೇ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ನಮ್ಮ ವಾರ್ಡಿನಲ್ಲಿ 34 ಕುಲಗೆಟ್ಟವು.

ಡಿಸೆಂಬರ್ 30, ತಾಲ್ಲೂಕು ಕೇಂದ್ರದಲ್ಲಿ ಎಣಿಕೆ. ಕೊರೊನಾ ಕಾಲ, ಎಲ್ಲರ ಮುಖಕ್ಕೂ ಮಾಸ್ಕು. ಬೆಳಗ್ಗೆ ಎಂಟಕ್ಕೆ ಹೋದರೆ ನಮ್ಮ ಪಂಚಾಯ್ತಿ ಸರದಿ ಬಂದಿದ್ದು ಮಧ್ಯಾಹ್ನ ಮೂರಕ್ಕೆ. ಪೆಟ್ಟಿಗೆ ತೆಗೆದು, ಮತಪತ್ರ ಬಿಡಿಸಿ, ಕಟ್ಟು ಕಟ್ಟಿ ಇಟ್ಟರು. ಒಂದೊಂದೇ ಹಾಳೆ ಎತ್ತಿ ತೋರಿಸುತ್ತಾರೆ. ಮಿಷನ್ ಮೇಲೆ ಸೀಲು ಕಂಡಾಗಲೆಲ್ಲ ಇದು ಯಾರದ್ದಿರಬಹುದು ಅಂತ ಮನಸ್ಸು ಹುಡುಕುತ್ತಿತ್ತು. ಮೆದೆ ಮೇಲಿದ್ದವರದ್ದಾ, ಅಜ್ಜಿಯದ್ದಾ.

ಕುಲಗೆಟ್ಟ ಅಂತ ಪಕ್ಕಕ್ಕಿಟ್ಟ ಹಾಳೆಗಳಲ್ಲಿ ಒಂದು ಕಣ್ಣಿಗೆ ಕಟ್ಟಿದ ಹಾಗಿದೆ. ಮಿಷನ್ ಗುರುತಿನ ಮೇಲೆ ಸೀಲು ಇರಲಿಲ್ಲ, ಹೆಬ್ಬೆಟ್ಟು ಇತ್ತು. ನೀಟಾಗಿ, ನಡು ಮಧ್ಯೆ, ಗೆರೆಗಳೆಲ್ಲ ಕಾಣುವ ಹಾಗೆ. ಜೀವಮಾನವೆಲ್ಲ ಪಿಂಚಣಿಗೆ, ರೇಷನ್‌ಗೆ, ಬ್ಯಾಂಕಿನ ಚೀಟಿಗೆ ಹೆಬ್ಬೆಟ್ಟು ಒತ್ತಿದ ಯಾರೋ ಇಲ್ಲೂ ಹಾಗೇ ಒತ್ತಿದ್ದಾರೆ. ಅವರಿಗೆ ಅದು ಬರೀ ಗುರುತಲ್ಲ, ಸಹಿ. ಆ ಹಾಳೆಯಲ್ಲಿ ನನ್ನ ಮೇಲೆ ಇಟ್ಟ ನಂಬಿಕೆ ಸ್ಪಷ್ಟವಾಗಿ ಕಾಣುತ್ತಿತ್ತು, ಆದರೆ ಅದು ಲೆಕ್ಕಕ್ಕೆ ಬರಲ್ಲ. ಅಧಿಕಾರಿ ನಿಯಮದ ಪ್ರಕಾರವೇ ನಡೆದುಕೊಂಡರು, ಅವರನ್ನು ನಾನು ದೂರಲ್ಲ. ನನ್ನನ್ನೇ ದೂರಿಕೊಂಡೆ. ಮನೆ ಮನೆಗೆ ಹೋಗಿ "ಮಿಷನ್‌ಗೆ ಒತ್ತಿ" ಅಂದೆನೇ ಹೊರತು ಹೇಗೆ ಒತ್ತಬೇಕು ಅಂತ ಯಾರಿಗೂ ತೋರಿಸಿರಲಿಲ್ಲ.

'ಕುಲಗೆಟ್ಟ' ಅನ್ನೋ ಪದವನ್ನು ಅವತ್ತಿನವರೆಗೆ ನಾನು ಪೇಪರಿನಲ್ಲಿ ಓದಿ ಮುಂದೆ ಹೋಗುತ್ತಿದ್ದೆ. ಆ ಹೆಬ್ಬೆಟ್ಟು ನೋಡಿದ ಮೇಲೆ ಆ ಪದ ನನ್ನ ಬಾಯಲ್ಲಿ ಸಲೀಸಾಗಿ ಬರಲ್ಲ. ತಿರಸ್ಕೃತ ಅನ್ನಿ, ಅಸಿಂಧು ಅನ್ನಿ. ಒಬ್ಬ ಮನುಷ್ಯನ ಓಟಿಗೆ ಕುಲ ಕೆಡಿಸುವುದು ಯಾಕೆ?

ನನಗೆ 203, ಗೆದ್ದವರಿಗೆ 214.

ನಿವೃತ್ತ ಮೇಷ್ಟ್ರು:

ತಾಯಿ, ಹೆಬ್ಬೆಟ್ಟು ಬಿದ್ದರೆ ಮತದಾರ ಯಾರು ಅಂತ ಗೊತ್ತಾಗಿಬಿಡುತ್ತೆ, ಗುಟ್ಟು ಉಳಿಯಲ್ಲ. ಅದಕ್ಕೇ ಆ ನಿಯಮ. ಎರಡು ಗುರುತಿನ ನಡುವಿನ ಗೆರೆ ಮೇಲೆ ಒತ್ತಿದರೂ ಯಾರಿಗೆ ಅಂತ ತಿಳಿಯದೆ ಹೋಗುತ್ತೆ. ಆದರೆ ಹಾಳೆ ಮಡಚಿದಾಗ ಶಾಯಿ ಇನ್ನೊಂದು ಕಡೆಗೂ ಅಂಟಿಕೊಂಡರೆ ಓಟು ಕೆಡಲ್ಲ. ಸೀಲಿನ ಬಾಣದ ಗುರುತನ್ನು ಅದಕ್ಕೇ ಹಾಗೆ ಮಾಡಿರೋದು. ಅಂಟಿಕೊಂಡಿದ್ದು ತಿರುಗುಮುರುಗಾಗಿ ಕಾಣುತ್ತೆ, ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಅಂತ ನೋಡಿದ ತಕ್ಷಣ ಹೇಳಬಹುದು. ಇದು ಏಜೆಂಟರಿಗೇ ಗೊತ್ತಿರಲ್ಲ, ಸುಮ್ಮನೆ ಜಗಳಕ್ಕೆ ಬೀಳುತ್ತಾರೆ. ಮೂರು ಸೀಟಿನ ವಾರ್ಡಿನಲ್ಲಿ ಗೊಂದಲ ಇನ್ನೂ ಜಾಸ್ತಿ.

ಬೀದರ್‌ನವ:

2020ರಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ಮಾತ್ರ ಪಂಚಾಯ್ತಿಗೆ ಓಟಿನ ಮಷೀನ್ ಇಟ್ಟಿದ್ದರು. ಉಳಿದ ಕಡೆಯೆಲ್ಲ ಮತಪತ್ರ. ನಮ್ಮಲ್ಲಿ ಹೆಬ್ಬೆಟ್ಟಿನ ತಾಪತ್ರಯ ಇರಲಿಲ್ಲ. ಆದರೆ ವಯಸ್ಸಾದವರು ಬಟನ್ ಒತ್ತೋಕೆ ಅಂಜುತ್ತಿದ್ದರು, ಅದು ಬೇರೆ ಮಾತು.

ಊರ ಹಿರಿಯ:

ಹೆಬ್ಬೆಟ್ಟಿನ ವಿಷಯ ಓದಿ ಮನಸ್ಸಿಗೆ ನೋವಾಯಿತು. ನನ್ನ ತಾಯಿಯೂ ಹೆಬ್ಬೆಟ್ಟಿನವರು. ಅವಿರೋಧದ ಬಗ್ಗೆ ನನ್ನ ಮಾತು ಪೂರ್ತಿ ಬಿಡಲ್ಲ, ನಮ್ಮೂರಲ್ಲಿ ಎಲೆಕ್ಷನ್ ಜಗಳದಿಂದ ಒಂದು ಮನೆ ಎರಡಾಗಿದ್ದು ನಾನು ನೋಡಿದ್ದೇನೆ. ಆದರೆ ಕಟ್ಟೆ ಮೇಲೆ ಹೆಂಗಸರು ಎಷ್ಟು ಜನ ಅಂತ ಆ ತಂಗಿ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಬ್ಬರೂ ಇರಲ್ಲ.

ಕರಾವಳಿಯವ:

ಬರೆಯುವವರು ಚುನಾವಣೆಗೆ ಯಾಕೆ ನಿಲ್ಲಬೇಕು ಅಂತ ಜನ ಕೇಳುತ್ತಾರೆ. 1989ರಲ್ಲಿ ಶಿವರಾಮ ಕಾರಂತರು ಕಾರವಾರದ ಕಡೆಯಿಂದ ಲೋಕಸಭೆಗೆ ನಿಂತಿದ್ದರು, ಕೈಗಾ ಅಣುಸ್ಥಾವರ ಬೇಡ ಅಂತ. ಎಂಬತ್ತು ದಾಟಿದ ವಯಸ್ಸು. ಗೆಲ್ಲಲಿಲ್ಲ. ಆದರೆ ಅವರು ಹೋಗಿದ್ದು ಒಂದು ದೊಡ್ಡ ವಿಷಯ ಹೇಳೋಕೆ. ನೀವು ಹೋಗಿದ್ದು ಏನು ಹೇಳೋಕೆ ಅಂತ ಕೇಳಬಹುದಾ? ತಪ್ಪು ತಿಳಿಯಬೇಡಿ.

ತೆಂಗಿನತೋಟ:

ತಪ್ಪೇನೂ ಇಲ್ಲ. ಹೇಳೋಕೆ ಅಂತಲೇ ಹೊರಟಿದ್ದೆ ನಾನೂ. ಗ್ರಾಮ ಸಭೆ ಸರಿಯಾಗಿ ನಡೆಯಬೇಕು, ಲೈಬ್ರರಿ ಬೇಕು ಅಂತ ನನ್ನ ಹತ್ತಿರ ಒಂದು ಭಾಷಣವೇ ಇತ್ತು. ಅವು ಈಗಲೂ ಬೇಕು ಅಂತಲೇ ನಾನು ಅನ್ನೋದು. ಆದರೆ ಜಗಲಿ ಮೇಲೆ ಕೂತ ಮೇಲೆ ಆ ಭಾಷಣ ಎಲ್ಲೂ ಮಾಡಲಿಲ್ಲ. ಪಂಚಾಯ್ತಿಯ ಕೆಲಸ ಅಂದರೆ ಜಾಸ್ತಿ ಭಾಗ ವಾಲ್ವು, ಚರಂಡಿ, ಬಲ್ಬು, ಮನೆ-ಆಸ್ತಿ ದಾಖಲೆಯ ನಮೂನೆ 9, ನಮೂನೆ 11. ಒಬ್ಬ ಹೆಂಗಸು ನಾಲ್ಕು ಗಂಟೆಗೆ ಎದ್ದು ಕೂರಬೇಕಾ, ಆರಕ್ಕೆ ಎದ್ದರೆ ಸಾಕಾ ಅನ್ನೋದನ್ನು ತೀರ್ಮಾನ ಮಾಡೋದು ಅದೇ. ಅದು ನನಗೆ ಸಣ್ಣ ವಿಷಯ ಅಂತ ಅನಿಸಲೇ ಇಲ್ಲ.

ಹಡಗಲಿ ಮಲ್ಲಿಗೆ:

ಅಕ್ಕ, ನಿಮ್ಮನ್ನು ಸೋಲಿಸಿದವರ ಜೊತೆ ಮಾತಾಡುತ್ತೀರಾ? ನನಗೂ ನಿಲ್ಲಬೇಕು ಅಂತ ಆಸೆ. ನಮ್ಮನೆಯವರು "ಸೋತರೆ ಊರಲ್ಲಿ ತಲೆ ಎತ್ತಿ ಓಡಾಡೋದು ಹೇಗೆ" ಅಂತಾರೆ.

ತೆಂಗಿನತೋಟ:

ಫಲಿತಾಂಶದ ದಿನ ಅವರು ಹೂವಿನ ಹಾರ ಹಾಕಿಕೊಂಡು ಟ್ರ್ಯಾಕ್ಟರ್ ಮೇಲೆ ನಮ್ಮ ಬೀದಿಯಲ್ಲಿ ಬಂದರು. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಪಟಾಕಿ ಸದ್ದು ನಿಲ್ಲುವವರೆಗೂ ಅತ್ತೆ. ಒಂದು ವಾರ ಅಂಗಡಿಗೂ ಹೋಗಲಿಲ್ಲ. ಅದನ್ನು ಮುಚ್ಚಿಡಲ್ಲ ನಾನು, ನಿಮಗೂ ಹಾಗೇ ಆಗಬಹುದು.

ಎಂಟನೇ ದಿನ ಆ ಅವರೆಕಾಳಿನ ಅಜ್ಜಿ ಮನೆಗೆ ಬಂದರು. ಅಲ್ಲಿಂದ ಇಲ್ಲಿಗೆ ಕೋಲೂರಿಕೊಂಡು. "ಬರ್ಕಂಡ್ ಹೋಗಿದ್ದಲ್ಲ, ಅದೇನಾಯ್ತು?" ಅಂದರು. ನಾನು ಸೋತೆ ಅಜ್ಜಿ ಅಂದೆ. "ಸೋತ್ರೆ ನೀರು ಬೇಡ್ವಾ?" ಅಂದರು.

ನೋಟ್‌ಬುಕ್ ತಗೊಂಡು ಮುಂದಿನ ವಾರ್ಡ್ ಸಭೆಗೆ ಹೋದೆ. ಸದಸ್ಯರೇ ಆಗಬೇಕು ಅಂತ ಇಲ್ಲವಲ್ಲ, ವಾರ್ಡಿನ ಮತದಾರರು ಯಾರು ಬೇಕಾದರೂ ಕೂತು ಮಾತಾಡಬಹುದು. ಹನ್ನೊಂದು ಜನ ಬಂದಿದ್ದರು. ಅರ್ಜಿ ಓದಿ ಕೊಟ್ಟೆ, ಸ್ವೀಕೃತಿ ತಗೊಂಡೆ. ಗೆದ್ದವರೂ ಅಲ್ಲೇ ಇದ್ದರು. ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರೇ ಮನೆಗೆ ಬಂದರು. ಸೆರಗಿನಲ್ಲಿ ಮುಚ್ಚಿಕೊಂಡು ಪಂಚಾಯ್ತಿ ಸಭೆಯ ನಡಾವಳಿಯ ಜೆರಾಕ್ಸ್ ತಂದಿದ್ದರು. "ಅಕ್ಕ, ಸಹಿ ಮಾಡು ಮಾಡು ಅಂತಾರೆ. ನಮ್ಮೆಜಮಾನ್ರೂ ಮಾಡು ಅಂತಾರೆ. ಇದ್ರಲ್ಲಿ ಏನ್ ಬರ್ದೈತೆ, ನೀವೊಂದ್ಸಲ ಓದಿ ಹೇಳಿ" ಅಂದರು. ಇಬ್ಬರೂ ಅಡುಗೆಮನೆ ನೆಲದ ಮೇಲೆ ಕೂತು ಸಾಲು ಸಾಲಾಗಿ ಓದಿದೆವು. ಕ್ರಿಯಾ ಯೋಜನೆಯಲ್ಲಿ ಮೇಲಿನ ಬೀದಿಗೆ ಎರಡನೇ ಸಲ ಚರಂಡಿ ಇತ್ತು, ಕೊನೇ ಬೀದಿಯ ಪೈಪ್‌ಲೈನ್ ಇರಲಿಲ್ಲ. ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು ಕೇಳಿದರಂತೆ. ಕೈ ನಡುಗುತ್ತಿತ್ತು ಅಂತ ಅವರೇ ಹೇಳಿದರು. ಕೊನೇ ಬೀದಿಗೆ ಬೇರೆ ವಾಲ್ವ್ ಬಂದಿದ್ದು ಅದಾಗಿ ಒಂದು ವರ್ಷಕ್ಕೆ. ನಲ್ಲಿಗೆ ಮೋಟರ್ ಹಾಕೋದು ಇನ್ನೂ ಪೂರ್ತಿ ನಿಂತಿಲ್ಲ.

ಈಗ ಮಾತಾಡುತ್ತೇವೆ ನಾವು. ತಿಂಗಳಿಗೆ ಒಂದೆರಡು ಸಲ ಬರುತ್ತಾರೆ.

ಹಳೇ ಸದಸ್ಯೆ:

ಕೈ ನಡುಗುತ್ತಿತ್ತು ಅಂದಿದ್ದು ನಿಜ. ನನಗೂ ಮೊದಲ ಮೂರು ಸಭೆ ಹಾಗೇ ಆಗಿತ್ತು. ನಾಲ್ಕನೇದರಲ್ಲಿ ನಿಂತಿತು.

ಹಡಗಲಿ ಮಲ್ಲಿಗೆ:

ಅಕ್ಕ, ನಿಂತರೆ ಮೊದಲು ಏನು ಮಾಡಲಿ? ಒಂದೇ ಒಂದು ಹೇಳಿ.

ತೆಂಗಿನತೋಟ:

ಮತದಾರರ ಪಟ್ಟಿ ತಗೊಳ್ಳಿ. ನಿಮ್ಮ ವಾರ್ಡಿನ ಕೊನೇ ಮನೆ ಯಾವುದು ನೋಡಿ, ಅಲ್ಲಿಂದ ಶುರು ಮಾಡಿ ನಿಮ್ಮ ಮನೆ ಕಡೆಗೆ ಬನ್ನಿ. ಇನ್ನೊಂದು, ಅದನ್ನು ನಾನು ಮಾಡಿರಲಿಲ್ಲ: ಒಂದು ಬಿಳಿ ಹಾಳೆಯಲ್ಲಿ ಮನೆಯಲ್ಲೇ ಗೆರೆ ಎಳೆದು ಮತಪತ್ರದ ಹಾಗೆ ಬರೆದುಕೊಳ್ಳಿ, ಹೆಬ್ಬೆಟ್ಟಿನವರ ಮನೆಯಲ್ಲಿ ಕೂತು ಸೀಲು ಎಲ್ಲಿ ಒತ್ತಬೇಕು ಅಂತ ತೋರಿಸಿ. ನಿಮಗೇ ಹಾಕಿ ಅಂತ ಆ ಹೊತ್ತಿಗೆ ಹೇಳಬೇಡಿ, ಸುಮ್ನೆ ತೋರಿಸಿ. ಪಕ್ಕದೂರಿನ ಆ ಇಬ್ಬರೂ ಭಾನುವಾರ ನಮ್ಮನೆಗೆ ಬರುತ್ತಿದ್ದಾರೆ, ಹಾಳೆ ಮಾಡಿ ಇಟ್ಟಿದ್ದೇನೆ. ನೀವು ದೂರ ಇದ್ದೀರಿ, ಫೋಟೋ ತೆಗೆದು ಕಳಿಸುತ್ತೇನೆ.